ಚೀಟಿ ಸಿಕ್ಕಿಸದೆ ಉಳಿದದ್ದು

ಅಕ್ಟೋಬರ್ ೬

ಮಗಳೇ,

ನಿನ್ನ ಅಮ್ಮನ ಆಶೀರ್ವಾದ. ನಾನು ಕ್ಷೇಮವಾಗಿದ್ದೇನೆ ಎಂದು ಬರೆದರೆ ನಿಮಗೆಲ್ಲ ಸ್ವಲ್ಪ ನಿರಾಸೆಯಾದೀತು, ಆದರೂ ಬರೆಯುತ್ತೇನೆ: ಕ್ಷೇಮವಾಗಿದ್ದೇನೆ. ಹೃದಯದ ಕವಾಟವೊಂದು ಸರಿಯಾಗಿ ಮುಚ್ಚುತ್ತಿಲ್ಲ, ಅಷ್ಟೇ. ಬಾಯಿ ಚೆನ್ನಾಗಿಯೇ ತೆರೆಯುತ್ತಿದೆ.

ನಿನ್ನ ಮೆಸೇಜುಗಳು ಒಂದೂ ಬಿಡದೆ ಬಂದಿವೆ. ಉತ್ತರ ತಡವಾಯಿತು. ಕ್ಷಮಿಸು ಎಂದು ಬರೆಯಬೇಕಾದ ಜಾಗ ಇದು, ಬರೆದಿದ್ದೇನೆ ಎಂದುಕೋ. ಇದಕ್ಕೆ ಮೊದಲು ಬರೆದ ಕಾಗದಗಳನ್ನು ಹರಿದು ಹಾಕಿದೆ, ಅವುಗಳಲ್ಲಿ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ. ಇದರಲ್ಲಿ ಬೈಗುಳದ ಜೊತೆ ಸ್ವಲ್ಪ ವಿಷಯವೂ ಇದೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು “ಅಮ್ಮ, ಒಂದ್ನಿಮಿಷ, ಒಂದ್ನಿಮಿಷ” ಎಂದು ನನ್ನ ಬಾಯಿ ಮುಚ್ಚಿಸುತ್ತೀಯ. ಕಾಗದದ ಮುಂದೆ ನಿನ್ನ ಆಟ ನಡೆಯುವುದಿಲ್ಲ.

ಆ ಭಾನುವಾರ ನಡೆದದ್ದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಿನ್ನ ಕಣ್ಣಿಗೆ ಕಂಡದ್ದೇ ಬೇರೆ, ನನ್ನ ಕಣ್ಣಿಗೆ ಕಂಡದ್ದೇ ಬೇರೆ. ನನಗೆ ಕಂಡದ್ದನ್ನು ಒಮ್ಮೆ ಓದು.

ಮುಂದಿನ ತಿಂಗಳು ಆಪರೇಷನ್ ಎಂದು ಡಾಕ್ಟರು ಹೇಳಿದ ಮೇಲೆ ನೀನು ಗಂಡನನ್ನು ಕರೆದುಕೊಂಡು ಬಂದೆ, ನಿನ್ನ ತಮ್ಮ, ನಮ್ಮ ನಡುವಿನವನು, ಹೆಂಡತಿಯನ್ನು ಕರೆದುಕೊಂಡು ಬಂದ. ಕಷ್ಟ ಸುಖ ವಿಚಾರಿಸಲು ಬಂದಿದ್ದಾರೆ ಎಂದು ನಾನು ಹಿಗ್ಗಿ ಹೀರೇಕಾಯಾದೆ. ಗಿರಾಕಿಗಳಿಗೆ ನಾಳೆ ಬನ್ನಿ ಎಂದು ಹೇಳಿ, ಲಾಂಡ್ರಿಯ ಬಾಗಿಲು ಎಳೆದು, ಮಹಡಿ ಹತ್ತಿ ಬಂದು ಟೀಗೆ ನೀರಿಟ್ಟೆ. ನೀನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದೆ, “ಅಮ್ಮ, ಆಪರೇಷನ್‌ಗೆ ಮುಂಚೆ ಒಂದು ವಿಲ್ ಮಾಡಿಟ್ರೆ ಒಳ್ಳೇದು. ನಾಳೆ ನಮ್ ನಮ್ಮಲ್ಲೇ ಮನಸ್ತಾಪ ಬರಬಾರದು ನೋಡು.”

ನಾನು ಹೂಂ ಎಂದೆ. ವಿಲ್ ಮಾಡುವುದು ತಪ್ಪೆಂದು ನಾನು ಯಾವತ್ತೂ ಹೇಳಿಲ್ಲ. ನಿಮ್ಮಪ್ಪ ಒಂದು ಸಾಲೂ ಬರೆದಿಡದೆ ಹೋದದ್ದಕ್ಕೆ, ಈ ಅಂಗಡಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ನಾನು ಎಷ್ಟು ಕಚೇರಿಗಳ ಬೆಂಚು ಸವೆಸಿದೆ ಎಂಬುದು ನಿನಗೂ ಗೊತ್ತು. ನನ್ನ ಸಿಟ್ಟು ವಿಲ್ಲಿನ ಮೇಲಲ್ಲ. ಆಮೇಲೆ ನೀನು ಹೇಳಿದ ಮಾತಿನ ಮೇಲೆ. “ಯಾರಿಗೆ ಏನು ಬೇಕು ಅಂತ ಬಾಯಲ್ಲಿ ಹೇಳೋದು ಮುಜುಗರ ಅಲ್ವಾ? ನಮ್ಮ ಹಳೇ ಚೀಟಿ ಇದೆಯಲ್ಲ! ಬೇಕಾದ್ದಕ್ಕೆ ಸಿಕ್ಕಿಸ್ತಾ ಹೋದ್ರಾಯ್ತು, ನೀನು ನೋಡಿ ಬರಕೊಂಡ್ರಾಯ್ತು.” ಎಲ್ಲರೂ ಚಪ್ಪಾಳೆ ತಟ್ಟುವುದೊಂದು ಬಾಕಿ.

ಚೀಟಿ! ನೀವು ಮೂವರೂ ಚಿಕ್ಕವರಿದ್ದಾಗ ನಿಮ್ಮ ಬಟ್ಟೆಗಳು ಗಿರಾಕಿಗಳ ಬಟ್ಟೆಯೊಳಗೆ ಸೇರಿ ಯಾರ್ಯಾರದೋ ಮನೆಗೆ ಹೋಗುತ್ತಿದ್ದವು. ನಿನ್ನ ಶಾಲೆಯ ಲಂಗ ಒಮ್ಮೆ ಬ್ಯಾಂಕ್ ಮ್ಯಾನೇಜರರ ಸೂಟಿನ ಜೊತೆ ಹೋಗಿ, ಅವರ ಹೆಂಡತಿ ಅದನ್ನು ಹಿಡಿದುಕೊಂಡು ಬಂದು ರಂಪ ಮಾಡಿದ್ದು ನೆನಪಿದೆಯೇ? ಅದಕ್ಕೇ ನಾನು ಬಣ್ಣ ಹಂಚಿದೆ. ನಿನಗೆ ಕೆಂಪು, ನಡುವಿನವನಿಗೆ ನೀಲಿ, ಚಿಕ್ಕವನಿಗೆ ಹಸಿರು. ಬೆರಳಗಲದ ಬಟ್ಟೆ ಚೀಟಿ, ಅದಕ್ಕೊಂದು ಪಿನ್ನು. ಕೌಂಟರಿನ ಕೆಳಗೆ ನಿಮ್ಮನ್ನು ಕೂರಿಸಿ ಹೇಳಿಕೊಟ್ಟೆ: ಚೀಟಿ ಇಲ್ಲದ ಬಟ್ಟೆ ಯಾರದ್ದೂ ಅಲ್ಲ. ತೆಗೆದ ಪಿನ್ನನ್ನು ಮುಚ್ಚದೆ ಕೈಬಿಡಬಾರದು, ಇಲ್ಲದಿದ್ದರೆ ಮುಂದೆ ಕೈ ಹಾಕುವವರ ಬೆರಳು ಹೋಗುತ್ತದೆ. ನೀನು ಎಷ್ಟು ಚೆನ್ನಾಗಿ ಕಲಿತೆ ಎಂದರೆ, ಮದುವೆಯಾಗಿ ಹೋದ ಮೇಲೂ ನಿನ್ನ ಮನೆಯಲ್ಲಿ ತೆರೆದ ಪಿನ್ನು ನಾನು ನೋಡಿಲ್ಲ. ಒಳ್ಳೆಯ ಅಭ್ಯಾಸ. ಅದನ್ನು ಅಮ್ಮನ ಮನೆ ಹಂಚಿಕೊಳ್ಳಲು ಬಳಸುತ್ತೀಯ ಎಂದು ಆಗ ನನಗೆ ಗೊತ್ತಿರಲಿಲ್ಲ.

ಟೀ ಆರುವುದಕ್ಕೆ ಮೊದಲೇ ಶುರುವಾಯಿತು. ನೀನು ಊಟದ ಮೇಜಿಗೆ, ಗೋಡೆ ಗಡಿಯಾರಕ್ಕೆ, ನನ್ನ ಹೊಲಿಗೆ ಯಂತ್ರಕ್ಕೆ. ನಿನ್ನ ಗಂಡ, ಪಾಪ, ಮಾತೇ ಆಡದ ಮನುಷ್ಯ, ಸದ್ದಿಲ್ಲದೆ ಹೋಗಿ ಬಚ್ಚಲಿನ ಬಾಯ್ಲರಿಗೆ ಕೆಂಪು ಚೀಟಿ ನೇತುಹಾಕಿ ಬಂದ. ನಡುವಿನವನು ಪೀಠೋಪಕರಣದ ಅಂಗಡಿಯ ಬುದ್ಧಿ ಬಿಡುತ್ತಾನೆಯೇ? ಜೇಬಿನಿಂದ ಟೇಪು ತೆಗೆದು ನಾಲ್ಕು ಬಾಗಿಲಿನ ಬೀರುವನ್ನು ಅಳೆದು, ತನ್ನ ಮನೆಯ ಬಾಗಿಲಲ್ಲಿ ಹಿಡಿಸುತ್ತದೆ ಎಂದು ಖಾತ್ರಿ ಮಾಡಿಕೊಂಡು ನೀಲಿ ಚೀಟಿ ಸಿಕ್ಕಿಸಿದ. ಅದಕ್ಕೆ ನಿನ್ನ ಕೆಂಪು ಚೀಟಿ ಮೊದಲೇ ಬಿದ್ದಿತ್ತು. ಆಗ ಏನು ಜಗಳ! “ನಾನ್ ಮೊದಲು ನೋಡಿದ್ದು”, “ನೀನು ಮದುವೆಗೆ ತಗೊಂಡಿಲ್ವಾ”, “ಅದು ಬೇರೆ ಕಣೋ”. ನನ್ನ ಸೊಸೆ ಮಧ್ಯೆ ಬಂದು, “ಅತ್ತೆ ಮಂಚ ಅತ್ತಿಗೆ ತಗೊಳ್ಳಲಿ, ಬೀರು ನಮಗಿರಲಿ” ಎಂದು ನ್ಯಾಯ ಮಾಡಿದಳು. ಮಂಚದ ಮೇಲೆ ನಾನು ಕೂತಿದ್ದೆ. ನೀನು “ಅಮ್ಮ, ಸ್ವಲ್ಪ ಕಾಲು ಎತ್ತು” ಎಂದೆ. ಎತ್ತಿದೆ. ನೀನು ಹಾಸಿಗೆಯ ಅಂಚಿಗೆ ಚೀಟಿ ಚುಚ್ಚಿದೆ. ಬದುಕಿರುವ ಹೆಂಗಸಿನ ಕಾಲು ಎತ್ತಿಸಿ ಅವಳ ಮಂಚಕ್ಕೆ ಗುರುತು ಹಾಕಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟೆಲ್ಲ ಆಗುವಾಗ ನಮ್ಮ ಚಿಕ್ಕವನು, ಮರಿ, ಬಾಗಿಲಲ್ಲಿ ಪಿನ್ನಿನ ಡಬ್ಬಿ ಹಿಡಿದುಕೊಂಡು ನಿಂತಿದ್ದ. ಆಸ್ಪತ್ರೆಯವರು ಅವನ ಬುದ್ಧಿಗೆ ಏಳೆಂಟು ವರ್ಷ ಎಂದು ಬರೆದುಕೊಟ್ಟಿದ್ದಾರೆ, ಮೈಗೆ ಮೂವತ್ತು ದಾಟಿದೆ. ಗಿರಾಕಿಗಳಿಗೆಲ್ಲ ಅವನು ಪಿನ್ನಣ್ಣ. ಬಟ್ಟೆ ಬಂದಾಗ ಚೀಟಿ ಸಿಕ್ಕಿಸುವುದು, ಹೋಗುವಾಗ ಬಿಚ್ಚುವುದು, ಇದೇ ಅವನ ಕೆಲಸ. ಅವನು ದೇವರಂಥವನು ಎಂದು ನಾನು ಹೇಳುವುದಿಲ್ಲ. ಹಟಮಾರಿ. ಒಂದು ಗುಂಡಿ ಸಡಿಲ ಇದೆಯೆಂದು ಇನ್‌ಸ್ಪೆಕ್ಟರರ ಕೋಟಿನ ಗುಂಡಿಗಳನ್ನೆಲ್ಲ ಕತ್ತರಿಸಿಟ್ಟು ನನ್ನ ಮಾನ ಕಳೆದವನು. ರಾತ್ರಿ ಬಚ್ಚಲ ದೀಪ ಆರಿಸಿದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಆದರೆ ಚೀಟಿಯ ವಿಷಯದಲ್ಲಿ ಅವನಿಗೆ ಮೋಸ ಮಾಡಲು ಯಾರಿಂದಲೂ ಆಗುವುದಿಲ್ಲ. ಚೀಟಿ ಇದ್ದರೆ ಅದಕ್ಕೊಬ್ಬರು ಇದ್ದಾರೆ, ಅವರು ಬಂದು ತೆಗೆದುಕೊಂಡು ಹೋಗುತ್ತಾರೆ. ಅವನ ಪ್ರಪಂಚ ಅಷ್ಟರಲ್ಲೇ ಇದೆ. ಅವತ್ತು ಅವನ ಕೈಯಲ್ಲೂ ಒಂದು ಹಸಿರು ಚೀಟಿ ಇತ್ತು. ಎಲ್ಲರೂ ಸಿಕ್ಕಿಸುತ್ತಿದ್ದಾರೆ, ತಾನೂ ಸಿಕ್ಕಿಸಬೇಕು ಎಂದು ಮೇಜು ಮುಟ್ಟಿದ, ಕುರ್ಚಿ ಮುಟ್ಟಿದ, ಯಾವುದಕ್ಕೂ ಸಿಕ್ಕಿಸಲಿಲ್ಲ.

ಕೊನೆಗೆ ನಾನು ಕೇಳಿದೆ, “ಎಲ್ಲ ಆಯ್ತಾ?”

“ಆಯ್ತಮ್ಮ” ಎಂದೆ ನೀನು.

“ಏನೂ ಉಳಿದಿಲ್ವಾ?”

“ಕೆಳಗಡೆ ಅಂಗಡಿ ಸಾಮಾನು ಇದೆ. ಅದನ್ನ ಒಟ್ಟಿಗೆ ಮಾರಿದ್ರೆ ಒಳ್ಳೆ ರೇಟ್ ಬರುತ್ತೆ” ಎಂದ ನಡುವಿನವನು.

“ಮರಿ?”

ಇಷ್ಟು ಹೊತ್ತು ಬೀರುವಿಗಾಗಿ ಕಚ್ಚಾಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ, “ನೀನು ತಗೋ, ನೀನು ತಗೋ” ಎನ್ನುವ ಹಾಗೆ. ನಡುವಿನವನು ಹೇಳಿದ, “ನಮ್ಮನೇಲಿ ಜಾಗ ಎಲ್ಲಿದೆಯಮ್ಮ?” ನಾಲ್ಕು ಬಾಗಿಲಿನ ಬೀರುವಿಗೆ ಜಾಗ ಇದೆ, ಅಳತೆ ಮಾಡಿ ನೋಡಿದ್ದಾನೆ. ಒಡಹುಟ್ಟಿದವನಿಗೆ ಇಲ್ಲ. ನೀನು ನನ್ನ ಕೈ ಹಿಡಿದುಕೊಂಡು, ಶಾಲೆಯಲ್ಲಿ ಮಕ್ಕಳ ತಂದೆತಾಯಿಗೆ ಹೇಳುತ್ತೀಯಲ್ಲ, ಅದೇ ದನಿಯಲ್ಲಿ ಹೇಳಿದೆ, “ಅಮ್ಮ, ಅಂಥವರಿಗೆ ಈಗ ಒಳ್ಳೊಳ್ಳೆ ಜಾಗ ಇವೆ. ನಾನು ಒಂದು ಕಡೆ ವಿಚಾರಿಸಿಯೂ ಇದ್ದೀನಿ. ತೋಟ ಇದೆ, ಟಿವಿ ಇದೆ, ವಾರಕ್ಕೊಮ್ಮೆ ಡಾಕ್ಟರ್ ಬರ್ತಾರೆ.” ನಾನು ಕೇಳಿದೆ, “ಅಲ್ಲಿ ರಾತ್ರಿ ಬಚ್ಚಲ ದೀಪ ಆರಿಸ್ತಾರಾ?” ನಿನಗೆ ಗೊತ್ತಿರಲಿಲ್ಲ. ನಾಯಿಮರಿ ಬಿಟ್ಟು ಬರುವವರೂ ಇದಕ್ಕಿಂತ ಹೆಚ್ಚು ವಿಚಾರಿಸಿ ಬಿಟ್ಟು ಬರುತ್ತಾರೆ ಕಣೇ.

ನೀವು ಹೊರಡುವಾಗ ಬಾಗಿಲಲ್ಲಿ ನಡೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದರ ಮಾತು ಬೇರೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವಕೀಲಮ್ಮ, ಅದೇ ಕರಿ ಕೋಟಿಗೆ ಯಾವಾಗಲೂ ಶಾಯಿ ಬಳಿದುಕೊಂಡು ಬರುತ್ತಾರಲ್ಲ, ಅವರಿಗೆ ವಿಲ್ ಬರೆಯಲು ಹೇಳಿದ್ದೇನೆ. ಅವರು ಕೇಳಿದ ಮೊದಲ ಪ್ರಶ್ನೆ ಬೀರುವಿನದ್ದಲ್ಲ. “ಅಮ್ಮ, ನೀವು ಇಲ್ಲದ ದಿನ ಮರಿ ಯಾರ ಮನೇಲಿ ಎದ್ದೇಳ್ತಾನೆ?” ನನ್ನ ಬಾಯಿಗೆ ಉತ್ತರ ಬಾರದ ಪ್ರಶ್ನೆ ಇದುವರೆಗೂ ಯಾರೂ ಕೇಳಿರಲಿಲ್ಲ. ವಿಲ್ಲಿನಲ್ಲಿ ನನ್ನ ನಂತರ ಅವನ ಪೋಷಕರು ಯಾರು ಎಂಬ ಜಾಗ ಖಾಲಿ ಇದೆ. ನಾನು ಬರೆಸಿದ ಮಾತ್ರಕ್ಕೆ ಆಗುವುದಿಲ್ಲವಂತೆ, ಆ ಹೆಸರಿನವರು ಒಪ್ಪಬೇಕಂತೆ.

ಅದಕ್ಕೇ ಕೇಳುತ್ತಿದ್ದೇನೆ. ಅಂಗಲಾಚುತ್ತಿದ್ದೇನೆ ಎಂದು ತಿಳಿಯಬೇಡ, ಕೇಳುತ್ತಿದ್ದೇನೆ ಅಷ್ಟೇ. ನಿನ್ನ ಹೆಸರು ಬರೆಸಲೇ, ಬೇಡವೇ? ಹೂಂ ಅಥವಾ ಊಹೂಂ, ಒಂದು ಸಾಲು ಬರೆ. ಪ್ರಬಂಧ ಬರೆಯಬೇಡ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ನಿನ್ನ ಗಂಡನಿಗೆ ಆಶೀರ್ವಾದ, ಬಾಯ್ಲರ್ ಸೋರುತ್ತದೆ ಎಂದು ಹೇಳು.

ಇನ್ನೂ ಬದುಕಿರುವ,
ನಿನ್ನ ಅಮ್ಮ

ಮರೆತಿದ್ದೆ: ಮಂಚದ ಮೇಲೆ ನಾನಿನ್ನೂ ಮಲಗುತ್ತಿದ್ದೇನೆ. ನಿನ್ನ ಚೀಟಿ ತೆಗೆದಿಲ್ಲ. ಮಗ್ಗುಲು ಬದಲಿಸಿದಾಗ ಚುಚ್ಚುತ್ತದೆ.


ಅಕ್ಟೋಬರ್ ೨೧

ಮಗಳೇ,

ಆಶೀರ್ವಾದ. ನಿನ್ನ ಉತ್ತರ ಬಂದು ದಿನಗಳಾದವು. ಈ ಸಲ ತಡವಾದದ್ದು ಬೇಕೆಂದು ಅಲ್ಲ. ವಕೀಲಮ್ಮನ ಕಚೇರಿ, ರಕ್ತ ಪರೀಕ್ಷೆ, ಮತ್ತೆ ವಕೀಲಮ್ಮನ ಕಚೇರಿ. ಮಧ್ಯೆ ಸ್ಟೀಮ್ ಇಸ್ತ್ರಿ ಪೆಟ್ಟಿಗೆ ಕೆಟ್ಟು ಕೂತಿತು. ನನ್ನನ್ನು ನೋಡಿ ಅದೂ ಕಲಿತಿರಬೇಕು.

ಒಂದು ಸಾಲು ಬರೆ ಎಂದಿದ್ದೆ, ನೀನು ಪ್ರಬಂಧವನ್ನೇ ಬರೆದೆ. ಜೊತೆಗೆ ಆ ‘ಒಳ್ಳೆ ಜಾಗ’ದ ಬಣ್ಣದ ಚಿತ್ರಗಳು. ಹುಲ್ಲು ಚೆನ್ನಾಗಿದೆ. ಪ್ರಬಂಧವನ್ನು ಎರಡೆರಡು ಸಲ ಓದಿದೆ. “ಅಮ್ಮ, ನನ್ನನ್ನ ರಾಕ್ಷಸಿ ಮಾಡಬೇಡ. ನನಗೂ ಕೆಲಸ ಇದೆ, ಸಂಸಾರ ಇದೆ, ಮಕ್ಕಳ ಪರೀಕ್ಷೆ ಇದೆ. ಮರಿ ಮೇಲೆ ನನಗೂ ಪ್ರೀತಿ ಇದೆ, ಆದ್ರೆ ಪ್ರೀತಿ ಬೇರೆ, ಜವಾಬ್ದಾರಿ ಬೇರೆ. ಮನೆ ನನ್ನ ಹೆಸರಿಗೆ ಮಾಡಿದ್ರೆ ಅಲ್ಲಿನ ಅವನ ಖರ್ಚೆಲ್ಲ ನಾನೇ ನೋಡ್ಕೋತೀನಿ.” ಎಷ್ಟು ಅಚ್ಚುಕಟ್ಟು! ಊಹೂಂ ಎನ್ನುವ ಒಂದು ಶಬ್ದಕ್ಕೆ ಇಷ್ಟೊಂದು ಗಂಜಿ ಹಾಕಿ ಇಸ್ತ್ರಿ ಮಾಡಿದ್ದನ್ನು ನಾನು ನನ್ನ ಅಂಗಡಿಯಲ್ಲೂ ನೋಡಿಲ್ಲ.

ನಿನಗೆ ಕೆಲಸ ಇದೆ, ಒಪ್ಪಿದೆ. ಸಂಸಾರ ಇದೆ, ಒಪ್ಪಿದೆ. ಅವನನ್ನು ನೋಡಿಕೊಳ್ಳುವುದು ಸುಲಭ ಎಂದು ಹೇಳಲು ನನಗೇನು ಹುಚ್ಚೇ? ನನ್ನ ಬೆನ್ನು ಕೇಳು, ಹೇಳುತ್ತದೆ. ಆಗುವುದಿಲ್ಲ ಎಂದಿದ್ದರೆ ಅಷ್ಟಕ್ಕೆ ಬಿಡುತ್ತಿದ್ದೆ. ಆದರೆ ನೀನು ಆಗುವುದಿಲ್ಲ ಎನ್ನಲಿಲ್ಲ. ಮನೆ ಕೊಟ್ಟರೆ ದೂರದಿಂದ ನೋಡಿಕೊಳ್ಳುತ್ತೇನೆ ಎಂದೆ. ಮೈಯೆಲ್ಲ ಉರಿದು ಹೋಯಿತು.

ಆ ಉರಿಯಲ್ಲೇ ವಕೀಲಮ್ಮನ ಹತ್ತಿರ ಹೋಗಿ, “ಯಾರು ಮರೀನ ಇಟ್ಕೋತಾರೋ ಅವರಿಗೆ ಮನೆ, ಅಂಗಡಿ ಎಲ್ಲ ಅಂತ ಬರೀರಿ. ಓಡೋಡಿ ಬರ್ತಾರೆ, ನೋಡೋಣ” ಎಂದೆ. ಅವರು ಪೆನ್ನು ಕೆಳಗಿಟ್ಟರು.

“ಬರ್ತಾರೆ ಅಮ್ಮ. ಆದ್ರೆ ಅವರು ಇಟ್ಕೊಳ್ಳೋದು ಮನೇನ, ನಿಮ್ಮ ಮಗನ್ನಲ್ಲ. ಅವನ ಕಾಲ ಬೇಗ ಮುಗೀಲಿ ಅಂತ ಕಾಯೋರ ಮನೇಲಿ ಅವನನ್ನ ಬಿಡ್ತೀರಾ?”

ನಿಮ್ಮ ಮೇಲಿನ ಸಿಟ್ಟಿನಲ್ಲಿ ಅವನಿಗೇ ಬಲೆ ಹೆಣೆಯುತ್ತಿದ್ದೆನಲ್ಲ ಎನಿಸಿತು. ಅವರೇ ದಾರಿ ಹೇಳಿದರು. ದುಡ್ಡು ಒಬ್ಬರ ಕೈಯಲ್ಲಿರಲಿ, ಹುಡುಗ ಇನ್ನೊಬ್ಬರ ಕೈಯಲ್ಲಿರಲಿ. ಮನೆ, ಅಂಗಡಿ ಎರಡೂ ಒಂದು ಟ್ರಸ್ಟಿಗೆ. ಬಾಡಿಗೆ ಬಂದದ್ದು ಅವನ ಊಟಕ್ಕೆ, ಔಷಧಿಗೆ, ಬಟ್ಟೆಗೆ. ಅವನು ಇರುವವರೆಗೆ ಯಾರೂ ಮಾರುವ ಹಾಗಿಲ್ಲ. ಅವನ ಕಾಲದ ನಂತರ ನಿಮ್ಮಿಬ್ಬರ ಮಕ್ಕಳಿಗೆ ಸಮಪಾಲು. ದುಡ್ಡು ನೋಡಿಕೊಳ್ಳುವವನು ಅವನ ಜೊತೆ ಇರುವವರನ್ನು ಕಾಯಲಿ, ಜೊತೆಗಿರುವವರು ದುಡ್ಡಿನವನನ್ನು ಕಾಯಲಿ.

ದುಡ್ಡಿಗೆ ನಡುವಿನವನ ಹೆಸರು ಬರೆಸಿದ್ದೇನೆ. ನಗಬೇಡ. ಜೀವ ಬಿಟ್ಟಾನು, ಜೇಬು ಬಿಚ್ಚುವವನಲ್ಲ. ಬೇರೆಯವರ ದುಡ್ಡನ್ನೂ ಹಾಗೆಯೇ ಬಿಗಿಹಿಡಿಯುತ್ತಾನೆ, ತನ್ನ ಹೆಂಡತಿಗೂ ಕೊಡುವುದಿಲ್ಲ. ಹುಟ್ಟಿದಂದಿನಿಂದ ನನಗೆ ತಲೆನೋವಾಗಿದ್ದ ಅವನ ಜಿಪುಣತನ ಮೊದಲ ಸಲ ಒಂದು ಕೆಲಸಕ್ಕೆ ಬಂತು. ಹೇಳಿದ್ದಕ್ಕೆ ತಕ್ಷಣ ಒಪ್ಪಿದ, ಜೊತೆಗೆ “ಬೀರು ಮಾತ್ರ ನಂದೇ ಅಲ್ವಾಮ್ಮ?” ಎಂದೂ ಕೇಳಿದ.

ಇನ್ನು ಉಳಿದದ್ದು ಆ ಖಾಲಿ ಜಾಗ.

ಬುಧವಾರ ಸಂಜೆ ಅಂಗಡಿಯಲ್ಲಿ ಶರ್ಟುಗಳನ್ನು ಮಡಚುತ್ತಿದ್ದೆ. ಕೌಂಟರಿನ ಮುಂದೆ ಯಾರೋ ಡ್ರೈವರ್ ಸಮವಸ್ತ್ರದಲ್ಲಿ ಬಂದು ನಿಂತರು. ತಲೆ ಎತ್ತಿದರೆ ನಿನ್ನ ಸೋದರತ್ತೆ. ನಿಮ್ಮಪ್ಪನ ಒಬ್ಬಳೇ ತಂಗಿ, ಬಸ್ಸಿನ ಹಾರನ್ನಿಗಿಂತ ದೊಡ್ಡ ಬಾಯಿಯವಳು, ನನಗೂ ಅವಳಿಗೂ ಮಾತು ನಿಂತು ವರ್ಷಗಳಾದವು. ಹೇಳದೆ ಕೇಳದೆ ಮರಿಯನ್ನು ತನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಇಡೀ ದಿನ ಊರು ಸುತ್ತಿಸಿದಳಲ್ಲ, ನಾನು ಇತ್ತ ಎದೆ ಬಡಿದುಕೊಂಡು ಪೊಲೀಸ್ ಸ್ಟೇಷನ್ನಿಗೆ ಓಡಿದೆನಲ್ಲ, ಆವತ್ತಿನಿಂದ. ಆವತ್ತು ನಾನು ಅವಳಿಗೆ ಅಂದದ್ದನ್ನು ಇವತ್ತೂ ಅನ್ನಬಲ್ಲೆ, ಒಂದಕ್ಷರ ವಾಪಸು ತೆಗೆದುಕೊಳ್ಳುವುದಿಲ್ಲ. ಅವಳೂ ಕಡಿಮೆಯವಳಲ್ಲ. ನನ್ನ ಹೊಟ್ಟೆ ಉರಿಸಲೆಂದೇ ತನ್ನ ಸಮವಸ್ತ್ರವನ್ನು ಎದುರು ಸಾಲಿನ ಮೆಷಿನ್ ಲಾಂಡ್ರಿಗೆ ಕೊಟ್ಟು, ನನ್ನ ಅಂಗಡಿಯ ಮುಂದೆಯೇ ಹಿಡಿದುಕೊಂಡು ಹೋಗುತ್ತಾಳೆ.

“ಅತ್ತಿಗೆ, ಸಾಯೋಕೆ ಹೊರಟಿದ್ದೀರಂತೆ?” ಎಂದಳು.

“ನಿನ್ನನ್ನ ಕರೆಯೋಕೆ ಯಾರೂ ಬಂದಿರಲಿಲ್ವಲ್ಲ” ಎಂದೆ.

“ಮಕ್ಕಳು ಮನೆ ಹಂಚ್ಕೊಂಡ್ರಂತೆ. ಪಿನ್ನಣ್ಣ ಯಾರ ಪಾಲಿಗೆ ಬಂದ?”

“ನಿನಗ್ಯಾಕೆ ಆ ಉಸಾಬರಿ?”

“ಯಾರ ಪಾಲಿಗೂ ಇಲ್ಲ ಅಂದ್ರೆ ನನಗೆ ಕೊಡಿ ಅಂತ ಕೇಳೋಕೆ ಬಂದೆ. ನಿಮ್ಮ ಮನೆ ಬೇಡ, ಅಂಗಡಿ ಬೇಡ, ಒಂದು ಹ್ಯಾಂಗರ್ ಕೂಡ ಬೇಡ. ಅವನೊಬ್ಬ ಸಾಕು.”

ನನಗೆ ಬಂದ ಸಿಟ್ಟಿಗೆ ಮಿತಿಯಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವರ ಬಾಯಿಂದ ಬರಬೇಕಾದ ಮಾತು ಇವಳ ಬಾಯಿಂದ ಬಂತಲ್ಲ ಎಂದು. “ಒಂದು ಲೋಟ ನೀರು ಕಾಯಿಸೋಕೂ ಬರಲ್ಲ ನಿನಗೆ. ಅವನಿಗೆ ಏನು ತಿನ್ನಿಸ್ತೀಯ?”

“ಬ್ರೆಡ್ಡು ತಿಂತೀವಿ ಇಬ್ರೂ.”

“ಅಂಚು ಮೊದಲು ತಿಂತಾನೆ. ಅಂಚು ಕತ್ತರಿಸಿ ಕೊಟ್ರೆ ಬಿಸಾಡ್ತಾನೆ.”

“ಗೊತ್ತು.”

“ರಾತ್ರಿ ಬಚ್ಚಲ ದೀಪ ಆರಿಸಬಾರದು.”

“ಅದೂ ಗೊತ್ತು.”

“ಮೇಲಿನ ಗುಂಡಿ ಹಾಕಿದ್ರೆ ಉಸಿರು ಕಟ್ಟುತ್ತೆ ಅಂತಾನೆ.”

“ನನಗೂ ಕಟ್ಟುತ್ತೆ ಅತ್ತಿಗೆ. ಮುಂದೆ ಕೇಳಿ.”

“ನೀನು ಬೆಳಗಾದ್ರೆ ಬಸ್ ಹತ್ತೋಳು. ಇವನನ್ನ ಎಲ್ಲಿ ಬಿಡ್ತೀಯ?”

“ಇಲ್ಲೇ ಅಂಗಡೀಲಿ. ಬಾಡಿಗೆಗೆ ಹಿಡಿಯೋರಿಗೆ ಮೊದಲೇ ಹೇಳಿ, ಪಿನ್ನಣ್ಣನ ಸಮೇತ ಅಂಗಡಿ ಅಂತ. ಹೋಗ್ತಾ ಬಿಡ್ತೀನಿ, ಬರ್ತಾ ಕರ್ಕೊಂಡು ಹೋಗ್ತೀನಿ. ರಜಾ ದಿನ ಬಸ್ಸಲ್ಲಿ ಕೂರಿಸ್ಕೋತೀನಿ, ಈ ಸಲ ಹೇಳಿಯೇ ಕೂರಿಸ್ಕೋತೀನಿ.”

ಅಷ್ಟರಲ್ಲಿ ಒಳಗಿನಿಂದ ಮರಿ ಬಂದ. ಅತ್ತೆಯನ್ನು ನೋಡಿ ಹಲ್ಲು ಕಿರಿದವನು, ಅವಳ ಕಾಲರಿನ ಹಿಂದೆ ಆ ಮೆಷಿನ್ ಲಾಂಡ್ರಿಯವರು ಹೊಡೆದ ಹಳದಿ ಕಾಗದದ ಗುರುತು ಕಂಡ ಕೂಡಲೇ ಮುಖ ಗಂಟಿಕ್ಕಿದ. “ಬೇರೆಯೋರ್ದು! ಬೇರೆಯೋರ್ದು!” ಎಂದು ಕೂಗುತ್ತ ಅದನ್ನು ಕಿತ್ತು ನೆಲಕ್ಕೆ ಹಾಕಿ ತುಳಿದ. ಡಬ್ಬಿಯಿಂದ ಒಂದು ಹಸಿರು ಚೀಟಿ ತೆಗೆದು ಅದೇ ಜಾಗಕ್ಕೆ ಸಿಕ್ಕಿಸಿದ. “ಇದು ನಮ್ದು” ಎಂದ. ಅವಳು ಕತ್ತು ಬಗ್ಗಿಸಿ ನಿಂತಿದ್ದಳು. “ಆಯ್ತಪ್ಪ, ನಿಮ್ದೇ” ಎಂದು ಹೇಳಿ, ನನ್ನ ಕಡೆ ತಿರುಗಿಯೂ ನೋಡದೆ ಹೋದಳು. ಮಾರನೇ ದಿನ ಸಿಗ್ನಲ್ಲಿನಲ್ಲಿ ಅವಳ ಬಸ್ಸು ನಿಂತಿದ್ದಾಗ ನೋಡಿದೆ. ಕಾಲರಿನಲ್ಲಿ ಚೀಟಿ ಹಾಗೇ ಇತ್ತು. ಇವತ್ತೂ ಇದೆ, ಬಟ್ಟೆ ಒಗೆದಂತೆ ಕಾಣೆ.

ಅವಳ ಮೇಲಿನ ನನ್ನ ಕೋಪ ಕೂದಲೆಳೆಯಷ್ಟೂ ಇಳಿದಿಲ್ಲ. ವಿಲ್ಲಿನಲ್ಲಿ ಅವಳ ಹೆಸರು ಬರೆಸಿದ್ದೇನೆ.

ಮೊನ್ನೆ ಸಹಿಯೂ ಆಯಿತು. ಪಾಲು ಸಿಗುವವರು, ಅವರ ಗಂಡ ಹೆಂಡತಿ, ಯಾರೂ ಸಾಕ್ಷಿ ಹಾಕಬಾರದು ಎಂದರು ವಕೀಲಮ್ಮ. ನಮ್ಮ ಇಸ್ತ್ರಿಯವನು ಒಬ್ಬ, ಪಕ್ಕದ ಸೈಕಲ್ ಅಂಗಡಿಯವರು ಒಬ್ಬರು. ನನ್ನಿಂದ ಏನೂ ಬೇಡದವರು ಈ ಬೀದಿಯಲ್ಲಿ ಇಬ್ಬರಾದರೂ ಸಿಕ್ಕರಲ್ಲ.

ಇನ್ನು ನೀವು ಚೀಟಿ ಸಿಕ್ಕಿಸಿದ ಸಾಮಾನುಗಳ ಮಾತು. ನಿಮ್ಮ ಮನಸ್ಸಿಗೆ ನೋವು ಮಾಡಲು ನನಗೆ ಇಷ್ಟವಿಲ್ಲ. ಕೆಂಪು ಕಂಡದ್ದೆಲ್ಲ ನಿನಗೆ, ನೀಲಿ ಕಂಡದ್ದೆಲ್ಲ ಅವನಿಗೆ. ನಾನು ಸಾಯುವವರೆಗೆ ಯಾಕೆ ಕಾಯುತ್ತೀರಿ? ಶನಿವಾರ ಬೆಳಗ್ಗೆ ಟೆಂಪೋ ಬರುತ್ತದೆ, ಮನೆಯಲ್ಲಿರು. ಮೇಜು, ಗಡಿಯಾರ, ಹೊಲಿಗೆ ಯಂತ್ರ, ಮಂಚ, ಬಾಯ್ಲರ್. ಪ್ಲಂಬರನ್ನು ಕರೆಸಿ ಬಾಯ್ಲರ್ ಬಿಚ್ಚಿಸಿದೆ, ನಿನ್ನ ಗಂಡನಿಗೆ ತೊಂದರೆಯಾಗಬಾರದು. ಟೆಂಪೋದವನಿಗೆ ಬಾಡಿಗೆ ಕೊಟ್ಟಿಲ್ಲ, ನೀನು ಕೊಡು. ನಾನು ಮರಿಯ ಪಕ್ಕ ನೆಲದ ಮೇಲೆ ಹಾಸಿಗೆ ಹಾಕಿಕೊಂಡಿದ್ದೇನೆ. ಸಾಮಾನೆಲ್ಲ ಈಗಾಗಲೇ ಕೆಳಗಿಳಿಸಿಟ್ಟಾಗಿದೆ, ಮನೆ ಈಗ ದೊಡ್ಡದಾಗಿ ಕಾಣುತ್ತದೆ. ಅವನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಸ್ಸು ಬಿಡುತ್ತಾನೆ.

ಆಸ್ಪತ್ರೆಗೆ ಬರಬೇಡ ಎನ್ನುವುದಿಲ್ಲ. ಬಂದರೆ ಬಾ, ಬರದಿದ್ದರೆ ಬಿಡು. ಬದುಕಿ ಬಂದರೆ ಹೊಸ ಮಂಚ ಕೊಳ್ಳುತ್ತೇನೆ, ಅದನ್ನು ಯಾರಿಗೂ ತೋರಿಸುವುದಿಲ್ಲ.

ನೂರು ವರ್ಷ ಬಾಳು. ನಿನ್ನ ಮಕ್ಕಳು ಚೆನ್ನಾಗಿ ಓದಲಿ, ದೊಡ್ಡ ಮನೆ ಕಟ್ಟಲಿ. ನಿನಗೆ ವಯಸ್ಸಾದ ದಿನ ಅವರು ಮನೆಯೊಳಗೆ ಬಂದರೆ, ಮೊದಲ ಚೀಟಿಯನ್ನು ನಿನಗೇ ಸಿಕ್ಕಿಸಲಿ. ಇದು ಶಾಪವಲ್ಲ, ಆಶೀರ್ವಾದವೇ.

ಇಂತಿ,
ನಿನ್ನ ಅಮ್ಮ

ಇನ್ನೊಂದು ಮಾತು: ಈ ಕವರಿನಲ್ಲಿ ಒಂದು ಹಸಿರು ಚೀಟಿ ಇದೆ, ಪಿನ್ನು ಸಮೇತ. ಗುರುತು ಸಿಕ್ಕಿತೇ? ಆ ಭಾನುವಾರ ನೀವು ಹೊರಡುವಾಗ ಮರಿ ಓಡಿ ಬಂದು ನಿನ್ನ ಸ್ವೆಟರಿನ ಕತ್ತಿನ ಹಿಂದೆ ಇದನ್ನು ಸಿಕ್ಕಿಸಿದ. ಅಷ್ಟು ಹೊತ್ತು ಏನು ಬೇಕೆಂದು ತಿಳಿಯದೆ ಮನೆಯೆಲ್ಲ ಸುತ್ತಿದವನಿಗೆ ಬೇಕಾದದ್ದು ನೀನು. ನೀನು ನಕ್ಕು, ಅವನ ಕೆನ್ನೆ ತಟ್ಟಿ, “ಆಯ್ತು ಕಣೋ, ನಾನು ನಿನ್ನೋಳೇ” ಎಂದೆ. ನಿಜ ಹೇಳುತ್ತೇನೆ, ಆ ಮಾತು ಕೇಳಿ ನನ್ನ ಅರ್ಧ ಸಿಟ್ಟು ಇಳಿದಿತ್ತು. ವಕೀಲಮ್ಮನಿಗೆ ನಿನ್ನ ಹೆಸರು ಹೇಳಬೇಕೆಂದು ಅಂದುಕೊಂಡದ್ದು ಆಗಲೇ. ಮಾರನೇ ದಿನ ಬೆಳಗ್ಗೆ ಅಂಗಡಿಯ ಮುಂದೆ ಗುಡಿಸಲು ಹೋದವನು, ನಿನ್ನ ಕಾರು ನಿಂತಿದ್ದ ಜಾಗದಿಂದ ಇದನ್ನು ಎತ್ತಿಕೊಂಡು ಬಂದ. “ಅಮ್ಮ, ಅಕ್ಕನ ಚೀಟಿ ಬಿದ್ದೋಗಿತ್ತು” ಎಂದ. ನನ್ನ ಅಂಗೈಯಲ್ಲಿ ಇಟ್ಟ. ಬಟ್ಟೆಯಿಂದ ತಾನಾಗಿ ಬಿದ್ದ ಪಿನ್ನು ಬಾಯಿ ತೆರೆದಿರುತ್ತದೆ. ಇದು ಮುಚ್ಚಿತ್ತು. ದಿನವೆಲ್ಲ ಪಿನ್ನು ಹಿಡಿಯುವ ಅವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಆದರೂ ಬಿದ್ದೋಗಿತ್ತು ಅಂತಲೇ ಹೇಳಿದ.